ಕೊಟ್ಟು ಬಂದರೆ ಸಾಲದು, ಇನ್ನೊಮ್ಮೆ ಹೋಗಿ ನೋಡಬೇಕು

ಓದುಗರ ಪ್ರಶ್ನೆ, ನಿವೃತ್ತ ಟೆಕ್ನಿಷಿಯನ್ ಉತ್ತರ

ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಎಲ್ಲವನ್ನೂ ಓದಿದೆ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ನಾಲ್ಕೇ ಸಾಲು. ಹೊಸದಾಗಿ ಓದುವವರಿಗೆ ನನ್ನ ಪರಿಚಯ ಇಷ್ಟು: ಕದ್ರಿ ಗುಡ್ಡೆಯ ಕರ್ನಾಟಕ ಪಾಲಿಟೆಕ್ನಿಕ್‌ನಲ್ಲಿ, ಅಂದರೆ ನಮ್ಮೂರಿನವರ ಬಾಯಲ್ಲಿ ಕೆಪಿಟಿ, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದೆ. ಪಣಂಬೂರು ಕಡೆಯ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ 36 ವರ್ಷ ದುಡಿದು ನಿವೃತ್ತನಾದೆ. ಈಗ ಸರಕಾರಿ ಶಾಲೆ, ಅಂಗನವಾಡಿಗಳ ವೈರಿಂಗು, ಪಂಪು, ನೀರಿನ ಫಿಲ್ಟರು ನೋಡಿಕೊಳ್ಳುವುದು ನನ್ನ ದಿನದ ಕೆಲಸ.

ಪ್ರಶ್ನೆ: ಬರುವ ತಿಂಗಳು ರಿಟೈರ್ ಆಗುತ್ತಿದ್ದೇನೆ ಸರ್. 33 ವರ್ಷ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದೆ. ಮಕ್ಕಳು ಒಂದು ದಡ ಸೇರಿದ್ದಾರೆ. ಸುಮ್ನೆ ಕೂತು ಟಿವಿ ನೋಡುವ ಜಾಯಮಾನ ನನ್ನದಲ್ಲ. ಕೈಗೆ ಸ್ವಲ್ಪ ದುಡ್ಡು ಬರುತ್ತದೆ, ನಾಲ್ಕು ಶಾಲೆಗೆ ಕುಡಿಯುವ ನೀರಿನ ಫಿಲ್ಟರ್ ಕೊಡೋಣ ಅಂತಿದ್ದೇನೆ. ಸರಿಯಾ?
— ನಿವೃತ್ತಿಗೆ ಹೊರಟ ಒಬ್ಬರು, ಸುರತ್ಕಲ್

ಉತ್ತರ: ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ನಿಮ್ಮ ಹತ್ತಿರದ ನಾಲ್ಕು ಶಾಲೆಗೆ ಬರೀ ಕೈಯಲ್ಲಿ ಹೋಗಿ, ಈಗಾಗಲೇ ಯಾರೋ ಕೊಟ್ಟ ಫಿಲ್ಟರ್ ಹೇಗಿದೆ ಅಂತ ನೋಡಿ ಬನ್ನಿ.

ನಾನು ನಿವೃತ್ತನಾದ ವರ್ಷ ಮೊದಲು ಹೋದದ್ದು ಒಂದು ಹಿರಿಯ ಪ್ರಾಥಮಿಕ ಶಾಲೆಗೆ. ಜಗಲಿಯ ಮೂಲೆಯಲ್ಲಿ ಚಂದದ ಸ್ಟೀಲ್ ಫಿಲ್ಟರ್ ಇತ್ತು. ಎದುರಿಗೆ ದೊಡ್ಡ ಅಕ್ಷರದಲ್ಲಿ ಕೊಟ್ಟವರ ಹೆಸರು. ನಲ್ಲಿ ತಿರುಗಿಸಿದೆ, ಒಂದು ಹನಿ ನೀರಿಲ್ಲ. ಹಿಂದೆ ಬಗ್ಗಿ ನೋಡಿದರೆ ವೈರಿನ ತುದಿಯಲ್ಲಿ ಪ್ಲಗ್ಗೇ ಇಲ್ಲ, ಬೇರೆ ಯಾವುದಕ್ಕೋ ಬೇಕಾಗಿ ಕತ್ತರಿಸಿಕೊಂಡು ಹೋಗಿದ್ದಾರೆ. ಮುಚ್ಚಳ ಬಿಚ್ಚಿದೆ. ಒಳಗಿನ ಕಾರ್ಟ್ರಿಜ್ ಹೊಸತರಲ್ಲಿ ಹತ್ತಿಯ ಹಾಗೆ ಬಿಳಿ ಇರುತ್ತದೆ, ಇದು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಲೋಳೆ ಬರುತ್ತಿತ್ತು. ಪೈಪಿನೊಳಗೆ ಇರುವೆ ಗೂಡು. ಮಕ್ಕಳು ಬಾವಿಕಟ್ಟೆಯ ಹತ್ತಿರ ಕೊಡಪಾನದಿಂದ ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಮುಖ್ಯೋಪಾಧ್ಯಾಯಿನಿಯ ಹತ್ತಿರ ಕೇಳಿದೆ. ಫಿಲ್ಟರ್ ಇಟ್ಟು ಎಂಟು ತಿಂಗಳು ಚೆನ್ನಾಗಿತ್ತಂತೆ, ಆಮೇಲೆ ನೀರು ಬರುವುದು ನಿಧಾನ ಆಯಿತಂತೆ. ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಗಲಿಲ್ಲ ಅಂದರು. ಆ ಕಾರ್ಟ್ರಿಜ್‌ಗೆ ಆಗ ಇನ್ನೂರು ಚಿಲ್ಲರೆ ರೂಪಾಯಿ. ಸಾವಿರಗಟ್ಟಲೆ ಕೊಟ್ಟು ತಂದ ವಸ್ತು ಇನ್ನೂರು ರೂಪಾಯಿಗೆ ಸತ್ತು ಕೂತಿತ್ತು. ಅವತ್ತು ನನಗೆ ಊಟ ಸೇರಲಿಲ್ಲ, ನಿಜವಾಗಿ ಹೇಳುತ್ತೇನೆ.

ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಕಾರ್ಖಾನೆಯಲ್ಲಿ ನಮಗೆ ಪಿಎಂ ಶೀಟ್, ಅಂದರೆ ಕೆಡುವ ಮೊದಲೇ ಮಾಡುವ ಮೆಂಟೆನೆನ್ಸ್ ಪಟ್ಟಿ ಅಂತ ಇರುತ್ತಿತ್ತು. ಪಂಪು ಚೆನ್ನಾಗಿ ಓಡುತ್ತಿದ್ದರೂ ಇಷ್ಟು ಗಂಟೆಗೊಮ್ಮೆ ಗ್ರೀಸು, ಇಷ್ಟು ತಿಂಗಳಿಗೊಮ್ಮೆ ಬೇರಿಂಗ್ ನೋಡುವುದು, ನೋಡಿದವನ ಸಹಿ. ಕೆಟ್ಟ ಮೇಲೆ ಓಡುವುದಲ್ಲ, ಕೆಡುವ ಮೊದಲು ಹೋಗುವುದು. ನಮ್ಮ ಊರಿನ ಶಾಲೆಗಳಿಗೆ, ಅಂಗನವಾಡಿಗಳಿಗೆ ಇದನ್ನು ಮಾಡುವ ಜನ ಇಲ್ಲ. ಕೊಡುವವರು ಬೇಕಾದಷ್ಟಿದ್ದಾರೆ. ಪ್ರತಿ ಮೂರು ತಿಂಗಳಿಗೊಮ್ಮೆ ಸ್ಪ್ಯಾನರ್ ಹಿಡಿದುಕೊಂಡು ಬರುವವರು ಇಲ್ಲ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 1960ರ ದಶಕದ ಬರಗಾಲದ ನಂತರ ದೇಶದ ತುಂಬ ಬೋರ್‌ವೆಲ್ ಕೊರೆದು ಕೈಪಂಪು ಹಾಕಿದರು. 1970ರ ದಶಕದ ಮೊದಲ ಭಾಗದಲ್ಲಿ ನೋಡಿದರೆ ಹಾಕಿದ ಪಂಪುಗಳಲ್ಲಿ ಬಹಳಷ್ಟು ಕೆಟ್ಟು ನಿಂತಿದ್ದವು. ಒಂದು ಮನೆಯವರು ಉಪಯೋಗಿಸುವ ಎರಕದ ಕಬ್ಬಿಣದ ಪಂಪನ್ನು ಇಡೀ ಊರು ದಿನವಿಡೀ ಒತ್ತಿದರೆ ಅದು ತಡೆಯುತ್ತದಾ? ಆಮೇಲೆ ಯುನಿಸೆಫ್ ಸೇರಿ ಇಂಡಿಯಾ ಮಾರ್ಕ್ 2 ಅನ್ನುವ ಗಟ್ಟಿ ಪಂಪು ಬಂತು. ಪಂಪು ಗಟ್ಟಿ ಆದದ್ದು ಅರ್ಧ ಕೆಲಸ, ಅದನ್ನು ನೋಡಿಕೊಳ್ಳುವುದಕ್ಕೆ ಊರಲ್ಲಿ ಒಬ್ಬನನ್ನು, ಅವನ ಮೇಲೆ ಒಬ್ಬ ಮೆಕ್ಯಾನಿಕ್‌ನನ್ನು ತಯಾರು ಮಾಡಿದ್ದು ಇನ್ನರ್ಧ. ನಮ್ಮ ಹಳ್ಳಿ ಶಾಲೆಗಳ ಅಂಗಳದಲ್ಲಿ ನೀವು ನೋಡಿದ ಉದ್ದ ಹಿಡಿಯ ಪಂಪು ಅದೇ.

ಹಾಗಾಗಿ ನಾಲ್ಕು ಶಾಲೆ ಬೇಡ, ಒಂದು ಸಾಕು. ಒಂದು ವರ್ಷ ಅದನ್ನೇ ಹಿಡಿದುಕೊಳ್ಳಿ. ಮೊದಲ ದಿನ ಏನೂ ಬಿಚ್ಚಬೇಡಿ, ಸುಮ್ನೆ ಸುತ್ತಿ ನೋಡಿ, ಅಡುಗೆಯವರ ಹತ್ತಿರ ಮಾತಾಡಿ. ಮೇಷ್ಟ್ರಿಗಿಂತ ಜಾಸ್ತಿ ವಿಷಯ ಅವರಿಗೆ ಗೊತ್ತಿರುತ್ತದೆ, ಯಾವ ಸ್ವಿಚ್ಚು ಕಿಡಿ ಹಾರುತ್ತದೆ, ಯಾವ ನಲ್ಲಿ ರಾತ್ರಿಯಿಡೀ ಸೋರುತ್ತದೆ ಅಂತ. ಮುಖ್ಯಶಿಕ್ಷಕರಿಂದ ಒಂದು ಚೀಟಿಯಲ್ಲಾದರೂ ಬರೆಸಿಕೊಂಡು ಒಪ್ಪಿಗೆ ತೆಗೆದುಕೊಳ್ಳಿ. ಒಂದು ಪುಸ್ತಕ ಇಡಿ, ಅದು ಶಾಲೆಯಲ್ಲೇ ಇರಲಿ. ತಾರೀಕು, ನೋಡಿದ್ದು, ಬದಲಿಸಿದ್ದು, ಮತ್ತೆ ಬರುವ ದಿನ. ನಿಮ್ಮ ಫೋನ್ ನಂಬರನ್ನು ಪುಸ್ತಕದ ರಟ್ಟಿನ ಮೇಲೆ ಬರೆಯಿರಿ. ಫಿಲ್ಟರ್ ಕೊಡುವುದಾದರೆ ಮೂರು ವರ್ಷಕ್ಕೆ ಬೇಕಾಗುವ ಕಾರ್ಟ್ರಿಜ್ ದುಡ್ಡನ್ನು ಅದರ ಜೊತೆಗೇ ಎತ್ತಿಡಿ, ಇಲ್ಲದಿದ್ದರೆ ಎರಡರ ಬದಲು ಒಂದೇ ಫಿಲ್ಟರ್ ಕೊಡಿ.

ಮೀಟರಿನ ಆಚೆ ಮಾತ್ರ ಮುಟ್ಟಬೇಡಿ. ಅದು ಕರೆಂಟು ಕಂಪೆನಿ ಮೆಸ್ಕಾಂನವರ ಕೆಲಸ, 1912ಕ್ಕೆ ಫೋನ್ ಮಾಡಿ. ಮತ್ತೆ ನಿಮ್ಮದು ಸುರತ್ಕಲ್ ಕಡೆ ಅಲ್ವಾ, ಕಡಲ ಗಾಳಿ. ಬೋರ್ಡಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿದು ತಲೆ ತಿರುಗುವುದೇ ಇಲ್ಲ. ಬದಲಿಸುವಾಗ ಕಬ್ಬಿಣದ್ದು ಹಾಕಬೇಡಿ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದ್ದು ಹಾಕಿ. ನಾಲ್ಕು ರೂಪಾಯಿ ಜಾಸ್ತಿ, ಹತ್ತು ವರ್ಷ ತಲೆನೋವಿಲ್ಲ.

ಪ್ರಶ್ನೆ: ಮಳೆಗಾಲ ಶುರುವಾದರೆ ನಮ್ಮ ಫ್ರಿಜ್ ಮುಟ್ಟುವಾಗ ಕೈಗೆ ಜುಂ ಅನ್ನುತ್ತದೆ. ಬೇಸಗೆಯಲ್ಲಿ ಏನೂ ಇಲ್ಲ. ಹಂಚಿನ ಹಳೆ ಮನೆ. ಅತ್ತೆ ಕಾಲಿಗೆ ಚಪ್ಪಲಿ ಹಾಕಿಕೊಂಡು ತೆಗೆ ಅನ್ನುತ್ತಾರೆ. ಇದು ದೊಡ್ಡ ವಿಷಯವಾ?
— ಗೃಹಿಣಿ, ಕಾಪು

ಉತ್ತರ: ದೊಡ್ಡ ವಿಷಯ ಅಕ್ಕಾ. ಇದನ್ನು ಓದಿ ಮುಗಿಸುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಿ, ಫ್ರಿಜ್ಜಿನ ಪ್ಲಗ್ ಕಿತ್ತು ಬನ್ನಿ. ಹಾಲು ಕೆಟ್ಟರೆ ಕೆಡಲಿ.

ಬೇಸಗೆಯಲ್ಲೂ ಆ ಕರೆಂಟ್ ಇತ್ತು. ನೆಲ ಒಣಗಿತ್ತು, ನಿಮ್ಮ ಕಾಲು ಒಣಗಿತ್ತು, ಹಾಗಾಗಿ ನಿಮಗೆ ಗೊತ್ತಾಗಲಿಲ್ಲ ಅಷ್ಟೇ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಕಾಲು ಒದ್ದೆ, ಕರೆಂಟಿಗೆ ನಿಮ್ಮ ಮೈಯೇ ದಾರಿ. ಫ್ರಿಜ್ಜಿನ ಒಳಗೆ ಎಲ್ಲೋ ಸ್ವಲ್ಪ ಸೋರಿದ ಕರೆಂಟ್ ಅರ್ತ್ ವೈರಿನಲ್ಲಿ ನೆಲಕ್ಕೆ ಹೋಗಬೇಕು. ಆ ದಾರಿ ನಿಮ್ಮ ಮನೆಯಲ್ಲಿ ಕಡಿದಿದೆ, ಇಲ್ಲವೇ ಮೊದಲಿನಿಂದಲೂ ಇರಲೇ ಇಲ್ಲ. ಹಳೆ ಹಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎರಡೇ ವೈರ್ ಎಳೆದಿರುತ್ತಾರೆ. ಬಲ್ಬು, ರೇಡಿಯೋ ಇದ್ದ ಕಾಲದ ವೈರಿಂಗ್ ಅದು. ಆಮೇಲೆ ಮಿಕ್ಸಿ ಬಂತು, ಫ್ರಿಜ್ ಬಂತು, ಮೂರು ತೂತಿನ ಸಾಕೆಟ್ ಹಾಕಿದರು. ದೊಡ್ಡ ತೂತಿನ ಹಿಂದೆ ವೈರೇ ಇಲ್ಲ. ಇಂಥದ್ದನ್ನು ನಾನು ಎಷ್ಟು ಮನೆಯಲ್ಲಿ ಬಿಚ್ಚಿ ನೋಡಿದ್ದೇನೆ ಲೆಕ್ಕ ಇಲ್ಲ.

ಅರ್ತ್ ಇದ್ದರೂ ನಮ್ಮ ಕಡೆ ಒಂದು ತೊಂದರೆ ಉಂಟು. ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ ಗುಡ್ಡೆಯಲ್ಲಿ ಮನೆ ಇದ್ದರೆ ಏಪ್ರಿಲ್, ಮೇ ಹೊತ್ತಿಗೆ ಅರ್ತ್ ಗುಂಡಿ ಪೂರ್ತಿ ಒಣಗಿ ಕರೆಂಟನ್ನು ಹಿಡಿಯುವುದೇ ಇಲ್ಲ. ಕಡಲ ಬದಿಯಲ್ಲಾದರೆ ಪೈಪೇ ತುಕ್ಕು ಹಿಡಿದು ತುಂಡಾಗಿರುತ್ತದೆ, ಮೇಲೆ ನೋಡಿದರೆ ವೈರ್ ಸರಿಯಾಗಿಯೇ ಇರುತ್ತದೆ. ಮೀಟರ್ ಹಿಡಿದು ಅಳೆಯದೆ ಅರ್ತ್ ಚೆನ್ನಾಗಿದೆ ಅಂತ ಯಾರು ಹೇಳಿದರೂ ನಂಬಬೇಡಿ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಎರಡು ಕೆಲಸ ಮಾಡಿಸಿ. ಸರಿಯಾದ ಅರ್ತ್, ಮತ್ತೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್. ನಮ್ಮ ಮನೆಯಲ್ಲಿ ಎಂಸಿಬಿ ಉಂಟಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಎಂಸಿಬಿ ಇರುವುದು ವೈರ್ ಸುಟ್ಟು ಹೋಗದ ಹಾಗೆ ನೋಡಿಕೊಳ್ಳುವುದಕ್ಕೆ. 16 ಆಂಪಿಯರಿನ ಎಂಸಿಬಿ 16 ಆಂಪಿಯರ್ ದಾಟುವವರೆಗೆ ಸುಮ್ನೆ ಕೂತಿರುತ್ತದೆ, ಮನುಷ್ಯನ ಜೀವ ಹೋಗುವುದಕ್ಕೆ ಒಂದು ಆಂಪಿಯರಿನ ಹತ್ತರಲ್ಲಿ ಒಂದು ಪಾಲು ಸಾಕು. ಆರ್‌ಸಿಸಿಬಿ ಹೋದ ಕರೆಂಟನ್ನೂ ವಾಪಸ್ ಬಂದ ಕರೆಂಟನ್ನೂ ಹೋಲಿಸುತ್ತಾ ಇರುತ್ತದೆ. ಸ್ವಲ್ಪ ಲೆಕ್ಕ ತಪ್ಪಿದರೂ, ಅಂದರೆ ಯಾರದೋ ಮೈ ಮೂಲಕ ನೆಲಕ್ಕೆ ಹೋದರೂ, ಕಣ್ಣು ಮಿಟುಕಿಸುವುದರೊಳಗೆ ಕಡಿದು ಹಾಕುತ್ತದೆ. ಅದರ ಮೇಲೆ ಒಂದು ಸಣ್ಣ ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಬದಲಿಸಿ.

ಕೆಲವು ಕಡೆ ಸಾಕೆಟ್ಟಿನ ಒಳಗೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನಿಂದಲೇ ಅರ್ತ್‌ಗೆ ಒಂದು ತುಂಡು ವೈರ್ ಸಿಕ್ಕಿಸಿ ಮುಗಿಸುತ್ತಾರೆ. ಅದನ್ನು ಒಪ್ಪಲೇಬೇಡಿ. ಗಾಳಿ ಮಳೆಗೆ ಹೊರಗೆ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ.

ಮಳೆ ಬಂದಾಗೆಲ್ಲ ಆರ್‌ಸಿಸಿಬಿ ಬೀಳುತ್ತದೆ, ಅದು ಸರಿ ಇಲ್ಲ ಅಂತ ತೆಗೆಸಿ ಹಾಕುವವರೂ ಇದ್ದಾರೆ. ಒಂದು ಅಂಗನವಾಡಿಯಲ್ಲಿ ಹಾಗೇ ಬೈಪಾಸ್ ಮಾಡಿ ಇಟ್ಟಿದ್ದರು. ನಾನು ಒಂದೊಂದೇ ಲೈನ್ ಬಿಡಿಸಿ ಹುಡುಕುತ್ತಾ ಹೋದೆ. ಕೊನೆಗೆ ಸಿಕ್ಕಿದ್ದು ಬಚ್ಚಲಿನ ಹೊರಗಿನ ಬಲ್ಬು. ಹೋಲ್ಡರ್ ಬಿಚ್ಚಿದರೆ ಅದರಲ್ಲಿ ಅರ್ಧ ಚಮಚ ಮಳೆನೀರು. ಮಕ್ಕಳು ಕೈ ತೊಳೆಯುವ ಜಾಗದಿಂದ ಒಂದೂವರೆ ಅಡಿ ದೂರ. ಪಾಪ, ಆ ಆರ್‌ಸಿಸಿಬಿ ಇಡೀ ಮಳೆಗಾಲ ಅದನ್ನೇ ಹೇಳುತ್ತಿತ್ತು.

ಪ್ರಶ್ನೆ: ನಮ್ಮ ಯಜಮಾನರು ರಿಟೈರ್ ಆಗಿ ಎರಡು ವರ್ಷ. ಒಳ್ಳೆಯ ಮನುಷ್ಯ, ಯಾರು ಕರೆದರೂ ಹೋಗುತ್ತಾರೆ. ದೇವಸ್ಥಾನದ ಮೈಕ್, ಶಾಲೆಯ ಪಂಪು, ಆಚೆ ಮನೆಯ ಇನ್ವರ್ಟರ್. ಹೊರಗೆ ಎಲ್ಲರೂ ಹೊಗಳುತ್ತಾರೆ. ನನಗೆ ಮಾತಾಡುವುದಕ್ಕೆ ಸಿಗುವುದು ರಾತ್ರಿ ಗಂಜಿಯ ಹೊತ್ತಿಗೆ. ಇದನ್ನು ಹೇಳಿದರೆ ಸೇವೆಗೆ ಅಡ್ಡ ಬಂದ ಹಾಗೆ ಆಗುತ್ತದಾ?
— ಓದುಗರು, ಮಣಿಪಾಲ

ಉತ್ತರ: ಖಂಡಿತ ಅಡ್ಡ ಬಂದ ಹಾಗಲ್ಲ ಅಮ್ಮಾ. ಹೇಳಿ. ಇವತ್ತೇ ಹೇಳಿ.

ನೀವು ಬರೆದದ್ದನ್ನು ಓದುವಾಗ ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ಶಿಫ್ಟಿನಲ್ಲಿ ದುಡಿಯುವವನ ಮನೆ ಹೇಗಿರುತ್ತದೆ ಅಂತ ಅವಳಿಗೆ ಗೊತ್ತು. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಮಕ್ಕಳನ್ನು ಸದ್ದು ಮಾಡದ ಹಾಗೆ ಅಂಗಳದಲ್ಲೇ ಆಡಿಸುತ್ತಿದ್ದಳು. ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಬಂದರೆ ನಾನು ಹಬ್ಬಕ್ಕೂ ಇಲ್ಲ. ಅಷ್ಟು ವರ್ಷ ಕಾದವರಿಗೆ ನಿವೃತ್ತಿಯ ನಂತರವೂ ಕಾಯುವುದೇ ಕೆಲಸ ಅಂದರೆ ಅದು ನ್ಯಾಯ ಅಲ್ಲ. ನಾನೂ ಮೊದಲ ವರ್ಷ ಹಾಗೆಯೇ ಮಾಡಿದೆ, ಅವಳ ಮನಸ್ಸಿಗೆ ನೋವಾಗಿದೆ ಅಂತ ತಿಳಿಯುವುದಕ್ಕೆ ನನಗೆ ತಡವಾಯಿತು. ಈಗ ವಾರದಲ್ಲಿ ಮೂರು ದಿನ ಮಾತ್ರ ಹೊರಗಿನ ಕೆಲಸ, ಮಧ್ಯಾಹ್ನ ಎರಡು ಗಂಟೆಗೆ ಮನೆ. ಯಾವ ಶಾಲೆಗೆ ಯಾವ ದಿನ ಅಂತ ಬರೆಯುವ ಪುಸ್ತಕ ಅವಳ ಕೈಯಲ್ಲಿ ಉಂಟು. ಜನ ಈಗ ಅವಳಿಗೇ ಫೋನ್ ಮಾಡುತ್ತಾರೆ, ಯಾವುದು ಅರ್ಜೆಂಟು ಯಾವುದು ಅಲ್ಲ ಅಂತ ನನಗಿಂತ ಚೆನ್ನಾಗಿ ಅವಳೇ ತೂಗಿ ಹೇಳುತ್ತಾಳೆ. ನಿಮ್ಮ ಯಜಮಾನರಿಗೆ ಈ ಪುಟ ಓದಲಿಕ್ಕೆ ಕೊಡಿ. ನಾನು ಹೇಳಿದೆ ಅಂತಲೇ ಹೇಳಿ.

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷ. ನೆಂಟರ ಮನೆಗೆ ಹೋದರೆ ಓ ಇಂಜಿನಿಯರಿಂಗ್ ಅಲ್ವಾ, ಬರೀ ಡಿಪ್ಲೊಮಾವಾ ಅಂತ ಕೇಳುತ್ತಾರೆ. ಡಿಪ್ಲೊಮಾದವರಿಗೆ ಏನಾದರೂ ದೊಡ್ಡದು ಮಾಡಲಿಕ್ಕೆ ಆಗುತ್ತದಾ?
— ವಿದ್ಯಾರ್ಥಿ, ಬ್ರಹ್ಮಾವರ

ಉತ್ತರ: ತಮ್ಮಾ, ಮುಂದೆ ಓದಬೇಕು ಅಂತಿದ್ದರೆ ದಾರಿ ಉಂಟು, ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಓದು, ಒಳ್ಳೆಯದೇ. ಆದರೆ ನೆಂಟರ ಮಾತಿಗಾಗಿ ಓದಬೇಡ.

ಜೈಪುರ ಕಾಲು ಅಂತ ಕೇಳಿದ್ದೀಯಾ? ಕಾಲು ಕಳೆದುಕೊಂಡವರು ಹಾಕಿಕೊಂಡು ಗದ್ದೆಗೆ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು, ಬರಿಗಾಲಲ್ಲಿ ನಡೆದ ಹಾಗೆಯೇ ನಡೆಯಬಹುದು. 1968ರ ಹೊತ್ತಿಗೆ ಅದನ್ನು ಮಾಡಿದ್ದು ಡಾಕ್ಟರ್ ಪಿ.ಕೆ. ಸೇಠಿ ಮತ್ತು ರಾಮಚಂದ್ರ ಶರ್ಮಾ. ಸೇಠಿಯವರು ಮೂಳೆ ಡಾಕ್ಟರು. ಶರ್ಮಾ ಕುಶಲಕರ್ಮಿ, ಕೈಕೆಲಸದವರು. ರಬ್ಬರ್ ಹೇಗೆ ಬಗ್ಗುತ್ತದೆ, ಯಾವ ಹದಕ್ಕೆ ಬೇಯಿಸಿದರೆ ಕಾಲಿನ ಹಾಗೆ ಆಗುತ್ತದೆ ಅನ್ನುವುದು ಅವರ ಕೈಗೆ ಗೊತ್ತಿತ್ತು. ಡಾಕ್ಟರಿಗೆ ಕಾಲು ಗೊತ್ತು, ಇವರಿಗೆ ಸಾಮಾನು ಗೊತ್ತು, ಇಬ್ಬರೂ ಸೇರಿದರು. ಮೇಲೆ ಇಂಡಿಯಾ ಮಾರ್ಕ್ 2 ಪಂಪಿನ ವಿಷಯ ಬರೆದೆನಲ್ಲ, ಅದರ ಮೂಲ ಸೋಲಾಪುರದ ಪಂಪು. ಅದನ್ನು ಮಾಡಿದವನು ತನ್ನಷ್ಟಕ್ಕೇ ಕೆಲಸ ಕಲಿತ ಒಬ್ಬ ಮೆಕ್ಯಾನಿಕ್.

ಇಂಜಿನಿಯರ್ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ಕಲಿಸಿದವರಲ್ಲಿ ಒಳ್ಳೊಳ್ಳೆಯ ಇಂಜಿನಿಯರುಗಳಿದ್ದರು. ಆದರೆ ಪಂಪಿನ ಬೇರಿಂಗ್ ಹೋಗುತ್ತಾ ಇದೆ ಅಂತ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಟ್ಟು, ತುದಿಯನ್ನು ಬೇರಿಂಗ್ ಮನೆಗೆ ತಾಗಿಸಿ ಸದ್ದಿನಿಂದಲೇ ಹೇಳುವ ವಿದ್ಯೆ ವರ್ಕ್‌ಶಾಪಿನಲ್ಲಿ ನಿಂತವನಿಗೇ ಬರುವುದು. ನಿನ್ನದು ಕೆಪಿಟಿಯೋ ಬೇರೆ ಕಾಲೇಜೋ ನನಗೆ ಗೊತ್ತಿಲ್ಲ. ಕೆಪಿಟಿ ಶುರುವಾದದ್ದು 1946ರಲ್ಲಿ. ಅಲ್ಲಿಂದ ಇಲ್ಲಿವರೆಗೆ ನಮ್ಮ ಜಿಲ್ಲೆಯ ಬಂದರು, ಕಾರ್ಖಾನೆ, ಸಬ್‌ಸ್ಟೇಷನ್ ಎಲ್ಲಿ ಹೋದರೂ ಡಿಪ್ಲೊಮಾದವರ ಕೈ ಇದೆ. ಮುಂದಿನ ರಜೆಯಲ್ಲಿ ಒಂದು ದಿನ ಕೆಲಸಕ್ಕೆ ನನ್ನ ಜೊತೆ ಬಾ, ಪತ್ರಿಕೆಯ ವಿಳಾಸಕ್ಕೆ ಬರೆ.

ಪ್ರಶ್ನೆ: ನನಗೆ ಬರುವುದು ಪಿಎಫ್ ಪೆನ್ಷನ್, ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಸೇವೆ ಮಾಡಲು ಮನಸ್ಸಿದೆ, ಜೇಬಿನಲ್ಲಿಲ್ಲ. ನೀವು ಕೂಲಿ ತೆಗೆದುಕೊಳ್ಳುತ್ತೀರಾ?
— ಓದುಗರು, ಮೂಲ್ಕಿ

ಉತ್ತರ: ಶಾಲೆ, ಅಂಗನವಾಡಿಗೆ ಕೂಲಿ ಇಲ್ಲ. ಸಾಮಾನಿನ ಬಿಲ್ಲು ಶಾಲೆಯ ಹೆಸರಿಗೇ, ದುಡ್ಡನ್ನು ನಾನು ಕೈಯಲ್ಲಿ ಹಿಡಿಯುವುದೇ ಇಲ್ಲ. ಬಸ್ ಚಾರ್ಜ್ ಕೊಟ್ಟರೆ ತೆಗೆದುಕೊಳ್ಳುತ್ತೇನೆ, ಅದರಲ್ಲಿ ನಾಚಿಕೆ ಇಲ್ಲ. ನೀವೂ ತೆಗೆದುಕೊಳ್ಳಿ. ಕೈಯಿಂದ ಹಾಕಿ ಹಾಕಿ ಆರು ತಿಂಗಳಿಗೆ ಸುಸ್ತಾಗಿ ಬಿಟ್ಟವರನ್ನು ನೋಡಿದ್ದೇನೆ.

ಅನುಕೂಲ ಇರುವವರ ಮನೆ ಕೆಲಸಕ್ಕೆ ಮಾತ್ರ ನಾನು ಹೋಗುವುದಿಲ್ಲ. ಊರಿನಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್ ಹುಡುಗರಿದ್ದಾರೆ. ಪೆನ್ಷನ್ ಬರುವ ನಾನು ಪುಕ್ಕಟೆ ಮಾಡಿಕೊಟ್ಟರೆ ಅವರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಅವರ ನಂಬರ್ ಕೊಟ್ಟು ಕಳಿಸುತ್ತೇನೆ.

ಜೇಬಿನ ವಿಷಯಕ್ಕೆ ಬಂದರೆ, ನಮ್ಮ ಹರೇಕಳ ಹಾಜಬ್ಬರು ಬುಟ್ಟಿಯಲ್ಲಿ ಕಿತ್ತಳೆ ಮಾರಿ ಉಳಿಸಿದ ದುಡ್ಡಿನಿಂದ ಊರಿನ ಮಕ್ಕಳಿಗೆ ಶಾಲೆ ಕಟ್ಟಲು ಹೊರಟವರು. 2020ರಲ್ಲಿ ಪದ್ಮಶ್ರೀ ಬಂತು. ಅವರ ಹತ್ತಿರ ಏನಿತ್ತು? ದಿನಾ ಹೋಗುವ ಕಾಲಿತ್ತು. 1928ರಲ್ಲಿ ಉಡುಪಿಯ ಬ್ಯಾಂಕಿನವರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಅನ್ನುವ ದಿನದ ಸಣ್ಣ ಉಳಿತಾಯ ಶುರು ಮಾಡಿದಾಗಲೂ ದಿನಕ್ಕೆ ಎರಡಾಣೆ. ನೀವೂ ಹಾಗೇ ಹಿಡಿಯಿರಿ, ವಾರಕ್ಕೆ ಎರಡು ಗಂಟೆ. ದುಡ್ಡು ಬೇಡ.

ಪ್ರಶ್ನೆ: ನಮ್ಮ ಯುವಕ ಮಂಡಲದವರು ಊರ ಶಾಲೆಯ ಮಾಡಿನ (ಛಾವಣಿಯ) ನೀರನ್ನು ಬಾವಿಗೆ ಬಿಡಬೇಕು ಅಂತ ಮಾಡಿದ್ದೇವೆ. ಏಪ್ರಿಲ್‌ನಲ್ಲಿ ಬಾವಿ ಬತ್ತಿ ಬಿಸಿಯೂಟಕ್ಕೂ ನೀರು ಹೊತ್ತು ತರಬೇಕು. ಆದರೆ ಇಷ್ಟು ಮಳೆ ಬರುವ ಊರಲ್ಲಿ ಇದರಿಂದ ಏನು ಪ್ರಯೋಜನ ಅಂತ ಕೆಲವು ಹಿರಿಯರು ಕೇಳುತ್ತಾರೆ.
— ಮಂಡಲದ ಸದಸ್ಯ, ಹಿರಿಯಡಕ

ಉತ್ತರ: ಲೆಕ್ಕ ಹಾಕಿ ತೋರಿಸಿ, ಒಪ್ಪುತ್ತಾರೆ. 100 ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಹಿಡಿದರೆ 3.5 ಲಕ್ಷ ಲೀಟರ್. ಚೆಲ್ಲಿದ್ದು, ಆವಿ ಆದದ್ದು ಅಂತ ಐದರಲ್ಲಿ ಒಂದು ಪಾಲು ಬಿಟ್ಟರೂ 2.8 ಲಕ್ಷ. ಎರಡು ತರಗತಿ ಕೋಣೆಯ ಮಾಡು ಇದು, ಅಷ್ಟೇ. ಈ ನೀರು ಈಗ ಅಂಗಳದಲ್ಲಿ ಹರಿದು ಚರಂಡಿಗೆ, ಅಲ್ಲಿಂದ ತೋಡಿಗೆ, ತೋಡಿನಿಂದ ಕಡಲಿಗೆ ಹೋಗುತ್ತಿದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ, ಉಳಿದ ತಿಂಗಳುಗಳಲ್ಲಿ ಬರುವುದು ಬಹಳ ಕಡಿಮೆ.

ನೇರ ಬಾವಿಗೆ ಬಿಡಬೇಡಿ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಹೋಗಲು ಬಿಡಿ, ಮಾಡಿನ ಮೇಲಿನ ಹಕ್ಕಿ ಹಿಕ್ಕೆ, ಎಲೆ, ಧೂಳು ಎಲ್ಲ ಅದರಲ್ಲಿ ಹೋಗಲಿ. ಆಮೇಲೆ ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಬಿಡಿ. ಬಾವಿಯ ಪಕ್ಕ ಇಂಗುಗುಂಡಿ ಮಾಡಿ ಅದಕ್ಕೆ ಬಿಟ್ಟರೆ ಇನ್ನೂ ಒಳ್ಳೆಯದು, ಮಣ್ಣಿನಲ್ಲಿ ಸೋಸಿಕೊಂಡು ಬರುತ್ತದೆ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು.

ನೀರು ಎಷ್ಟು ಏರಿತು ಅಂತ ಬಾವಿಯ ಒಳಗೋಡೆಯಲ್ಲಿ ಅಡಿ ಅಡಿಗೆ ಬಣ್ಣದ ಗೆರೆ ಹಾಕಿ, ಏಳನೇ ತರಗತಿ ಮಕ್ಕಳು ಸೋಮವಾರ ಸೋಮವಾರ ನೋಡಿ ಬರೆಯಲಿ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲು ಕೊರೆದವು ನೀರು ಕೊಡದಿದ್ದರೂ ಬಿಡದೆ ಮತ್ತೆ ಕೊರೆದು ಅಡಿಕೆ ತೋಟ ಎಬ್ಬಿಸಿದರು, 2022ರಲ್ಲಿ ಪದ್ಮಶ್ರೀ ಬಂತು. ನಿಮ್ಮದು ಮಂಡಲ, ಇಪ್ಪತ್ತು ಜನ ಇದ್ದೀರಿ. ನನಗೆ ಒಂದೇ ಹೆದರಿಕೆ, ಎರಡನೇ ವರ್ಷದ್ದು. ಮೇ ತಿಂಗಳ ಕೊನೆಯ ಭಾನುವಾರ ಡ್ರಮ್ಮಿನ ಮರಳು ತೆಗೆದು ತೊಳೆಯುವವರು ಯಾರು ಅಂತ ಈಗಲೇ ಹೆಸರು ಬರೆದಿಡಿ. ತೊಳೆಯದಿದ್ದರೆ ಮೂರನೇ ವರ್ಷ ನೀರು ಕಟ್ಟಿ ನಿಂತು ಯಾರೋ ಪೈಪನ್ನೇ ಕಿತ್ತು ಬಿಸಾಡುತ್ತಾರೆ.

ಪ್ರಶ್ನೆ: ನಿಮ್ಮ ಚೀಲದಲ್ಲಿ ಏನೇನು ಇರುತ್ತದೆ?
— ಓದುಗರು, ಕಂಕನಾಡಿ

ಉತ್ತರ: ಟೆಸ್ಟರ್, ಮಲ್ಟಿಮೀಟರ್, ಕಟಿಂಗ್ ಪ್ಲೈಯರ್, ಎರಡು ಅಳತೆಯ ಸ್ಕ್ರೂಡ್ರೈವರ್, ಇನ್ಸುಲೇಷನ್ ಟೇಪು, ಟೆಫ್ಲಾನ್ ಟೇಪು, ಮೇಷರಿಂಗ್ ಟೇಪು, ಒಂದು ಹಳೆ ಬೈರಾಸು (ಟವೆಲು), ರಬ್ಬರ್ ಚಪ್ಪಲಿ. ಮತ್ತೆ ಒಂದು ತಗಡಿನ ಬೋರ್ಡು, "ಕೆಲಸ ನಡೆಯುತ್ತಿದೆ, ಸ್ವಿಚ್ ಹಾಕಬೇಡಿ" ಅಂತ ಬರೆದದ್ದು. ಮೇನ್ ಆಫ್ ಮಾಡಿದ ಮೇಲೆ ಅದನ್ನು ಅಲ್ಲೇ ನೇತು ಹಾಕದೆ ನಾನು ಯಾವ ವೈರನ್ನೂ ಮುಟ್ಟುವುದಿಲ್ಲ.

ಪ್ರಶ್ನೆ: ನನಗೆ 74. ಒಂದು ಕಾಲದಲ್ಲಿ ಕಂಬ ಹತ್ತುತ್ತಿದ್ದೆ. ಈಗ ಮಂಡಿ ನೋವು, ಏಣಿ ಹತ್ತುವುದಕ್ಕೆ ಮಗ ಬಿಡುವುದಿಲ್ಲ. ಇನ್ನು ನಾನು ಯಾವ ಪ್ರಯೋಜನಕ್ಕೆ ಅನಿಸುತ್ತದೆ.
— ನಿವೃತ್ತ ಲೈನ್‌ಮ್ಯಾನ್, ಪುತ್ತೂರು

ಉತ್ತರ: ಅಣ್ಣಾ, ಮಗ ಹೇಳಿದ್ದು ಸರಿ. ಏಣಿ ಹತ್ತಬೇಡಿ. ನೀವು ಕಂಬ ಹತ್ತಿದ್ದರಿಂದ ಎಷ್ಟು ಮನೆಗೆ ಬೆಳಕು ಬಂದಿದೆ, ಆಟಿ ತಿಂಗಳ ಜೋರು ಮಳೆಯಲ್ಲಿ ರಾತ್ರಿ ಹನ್ನೆರಡಕ್ಕೆ ಲೈನ್ ಸರಿ ಮಾಡಲು ಹೋದವರು ನೀವು. ಯಾವ ಪ್ರಯೋಜನಕ್ಕೆ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಬಾರದು.

ನೆಲದ ಮೇಲೆ ನಿಂತು ಮಾಡುವ ಕೆಲಸ ಬೇಕಾದಷ್ಟುಂಟು. ಒಂದು ಹೇಳುತ್ತೇನೆ. ನಮ್ಮ ಶಾಲೆ, ಪಂಚಾಯತ್ ಕಚೇರಿಗಳ ಎದುರು ಗಾಲಿಕುರ್ಚಿಗೆ ಅಂತ ಇಳಿಜಾರು ಕಟ್ಟಿದ್ದಾರಲ್ಲ, ಅದನ್ನು ಅಳೆಯಿರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಒಂದೂವರೆ ಅಡಿಯ ಜಗಲಿ ಆದರೆ 18 ಅಡಿ. ಬಹಳ ಕಡೆ ಆರೇಳು ಅಡಿಯಲ್ಲಿ ಮುಗಿಸಿರುತ್ತಾರೆ, ಮೇಲೆ ನುಣುಪು ಸಿಮೆಂಟು ಬೇರೆ. ಮಳೆಯಲ್ಲಿ ಅದರ ಮೇಲೆ ಒಬ್ಬರು ತಾವೇ ಗಾಲಿ ತಿರುಗಿಸಿಕೊಂಡು ಹತ್ತುವುದು ಸಾಧ್ಯವೇ ಇಲ್ಲ, ಇಳಿಯುವಾಗ ಬಿದ್ದೇ ಬೀಳುತ್ತಾರೆ. ಟೇಪು ಹಿಡಿದು ಅಳೆದು, ಎತ್ತರ ಇಷ್ಟು, ಇರುವ ಉದ್ದ ಇಷ್ಟು, ಬೇಕಾದ ಉದ್ದ ಇಷ್ಟು ಅಂತ ಮೂರು ಸಾಲು ಬರೆದು ಪಂಚಾಯತ್‌ಗೆ ಕೊಡಿ. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ ಕೇಳಿ.

ಇನ್ನೊಂದು, ನಿಮ್ಮ ವಯಸ್ಸಿನವರಿಗೇ ಬೇಕಾದದ್ದು. ಪೆನ್ಷನಿನ ಜೀವಂತ ಪ್ರಮಾಣಪತ್ರ. 2014ರಿಂದ ಜೀವನ್ ಪ್ರಮಾಣ್ ಬಂದಿದೆ, ಈಗ ಫೋನಿನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಬಹುದು. ನಾವು ಸಾಮಾನು ಹಿಡಿದು ದುಡಿದವರು, ಬೆರಳಿನ ಗೆರೆ ಸವೆದು ಹೋಗಿರುತ್ತದೆ, ಬೆರಳಚ್ಚು ಯಂತ್ರ ಹಿಡಿಯುವುದೇ ಇಲ್ಲ. ಮುಖದ್ದಾದರೆ ಆ ಕಷ್ಟ ಇಲ್ಲ. ಸರಕಾರಿ ಪೆನ್ಷನ್‌ನವರಿಗೆ ನವೆಂಬರ್. ಪಿಎಫ್ ಪೆನ್ಷನ್‌ನವರು ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ 12 ತಿಂಗಳು ನಡೆಯುತ್ತದೆ. ಮೊಮ್ಮಗಳ ಹತ್ತಿರ ಒಂದು ಸಲ ಕೂತು ಕಲಿತುಕೊಳ್ಳಿ, ಆಮೇಲೆ ನಿಮ್ಮ ಜಗಲಿಯಲ್ಲೇ ನಾಲ್ಕು ಜನರಿಗೆ ಮಾಡಿಕೊಡಿ. ಓಟಿಪಿ ಮಾತ್ರ ಫೋನಿನಲ್ಲಿ ಕೇಳಿದ ಯಾರಿಗೂ ಹೇಳಬಾರದು ಅಂತ ಪ್ರತಿಯೊಬ್ಬರಿಗೂ ಹೇಳಿ. ಮೋಸ ಹೋದರೆ ಆ ಕ್ಷಣವೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್.

ಪ್ರಶ್ನೆ: ಅಜ್ಜಾ, ನಾನು ಆರನೇ ಕ್ಲಾಸು. ನಮ್ಮ ಕ್ಲಾಸಿನ ಎರಡು ಫ್ಯಾನಿನಲ್ಲಿ ಒಂದು ತುಂಬಾ ನಿಧಾನ ತಿರುಗುತ್ತದೆ. ಕೋಲಿನಿಂದ ದೂಡಿದರೆ ಮಾತ್ರ ಶುರು ಆಗುತ್ತದೆ. ಅದಕ್ಕೆ ಏನಾಗಿದೆ?
— ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಎಷ್ಟು ಚೆನ್ನಾಗಿ ಗಮನಿಸಿದ್ದೀಯಾ ಮಗಾ! ಒಂದು ಸರಿಯಾಗಿದೆ, ಒಂದು ನಿಧಾನ ಅಂದಮೇಲೆ ಕರೆಂಟಿನ ವೋಲ್ಟೇಜ್ ಕಡಿಮೆ ಅಲ್ಲ, ಫ್ಯಾನಿನಲ್ಲೇ ತೊಂದರೆ. ದೂಡಿದರೆ ಶುರು ಆಗುತ್ತದೆ ಅಂತ ಬರೆದದ್ದರಿಂದ ಹೆಚ್ಚಾಗಿ ಕೆಪಾಸಿಟರ್ ಹೋಗಿರಬೇಕು. ಫ್ಯಾನಿನ ಮೇಲಿನ ಬಟ್ಟಲಿನ ಒಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಡಬ್ಬಿ ಇರುತ್ತದೆ, ಅದರ ಮೇಲೆ 2.5 ಅಂತ ಬರೆದಿರುತ್ತದೆ. ಫ್ಯಾನ್ ನಿಂತಲ್ಲಿಂದ ತಿರುಗಲು ಒಂದು ದೂಡುವಿಕೆ ಬೇಕು, ಅದನ್ನು ಕೊಡುವುದು ಆ ಡಬ್ಬಿ. ಅದು ಸೋತಿದೆ, ಹಾಗಾಗಿ ನಿನ್ನ ಕೋಲು ಅದರ ಕೆಲಸ ಮಾಡುತ್ತಿದೆ. ಬೆಲೆ ಜಾಸ್ತಿ ಏನಿಲ್ಲ. ಆದರೆ ಇನ್ನು ಕೋಲು ಹಾಕಬೇಡ, ರೆಕ್ಕೆ ಬಗ್ಗುತ್ತದೆ, ಕೋಲು ಹಾರಿ ಯಾರಿಗಾದರೂ ತಾಗುತ್ತದೆ. ನೀನಾಗಲೀ ಮೇಷ್ಟ್ರಾಗಲೀ ಬಿಚ್ಚುವುದೂ ಬೇಡ. ನಾಳೆ ಈ ಪುಟವನ್ನು ನಿನ್ನ ಟೀಚರಿಗೆ ತೋರಿಸು, ಎಲೆಕ್ಟ್ರಿಷಿಯನ್ ಮಾಮ ಬಂದಾಗ ದೂರ ನಿಂತು ನೋಡು, ಹಳೆ ಕೆಪಾಸಿಟರಿನ ಮೇಲೆ ಏನು ಬರೆದಿದೆ ಅಂತ ಓದಿಕೊ. ಹೊಸತು ಹಾಕಿದ ಮೇಲೆ ಎರಡೂ ಫ್ಯಾನ್ ಒಂದೇ ಸಮ ತಿರುಗುತ್ತವಾ ಅಂತ ನನಗೆ ಇನ್ನೊಂದು ಕಾಗದ ಬರೆ.